ಬಯಲಲ್ಲಿ ಕುಳಿತವರ ಭಕ್ತಿ

ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಅಚ್ಚು ಹಾಕಿದ, ಸ್ಪೇನಿನ ಚಿತ್ರಕಾರ ಗೋಯಾನ ಜಾತ್ರೆಯ ಚಿತ್ರ ‘ಸಾನ್ ಇಸಿದ್ರೊ ಬಯಲು’ ಅರಮನೆಯನ್ನು ಮೆಚ್ಚಿಸಲು ಬರೆದ ಅಲಂಕಾರವಷ್ಟೆ. ಅದರಲ್ಲಿ ಭಕ್ತಿಯೂ ಇಲ್ಲ, ಸತ್ಯವೂ ಇಲ್ಲ. ಅದೇ ಜಾತ್ರೆಯನ್ನು ಅವನು ಮುಪ್ಪಿನಲ್ಲಿ ತನ್ನ ಮನೆಯ ಗೋಡೆಗೆ ಬರೆದ ಕಪ್ಪು ಚಿತ್ರವಿರುವಾಗ ಇದನ್ನೇಕೆ ಆರಿಸಿದಿರಿ? – ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಈ ಚಿತ್ರ 1788ರಲ್ಲಿ ಎಲ್ ಪಾರ್ದೊ ಅರಮನೆಯ ರಾಜಕುಮಾರಿಯರ ಶಯನಗೃಹಕ್ಕಾಗಿ ನೇಯಿಸಬೇಕಿದ್ದ ಗೋಡೆಜಮಖಾನದ ಕರಡು. ಆ ಡಿಸೆಂಬರಿನಲ್ಲಿ ದೊರೆ ಮೂರನೆಯ ಕಾರ್ಲೊಸ್ ತೀರಿಕೊಂಡ, ಯೋಜನೆ ನಿಂತಿತು, ಕರಡು ಉಳಿಯಿತು. 1820ರ ಆಚೀಚಿನ ಕಪ್ಪು ಚಿತ್ರದಲ್ಲಿ ಬಾಯ್ದೆರೆದು ಮೈಮೇಲೆ ಬರುವಂತಿರುವ ಆ ಮುಖಗಳನ್ನು ಕಂಡು ನಾನೂ ಬೆಚ್ಚಿದ್ದೇನೆ.

ಆದರೆ ಭಕ್ತಿಯಿಲ್ಲ ಎಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಇಸಿದ್ರೊ ಮಡ್ರಿಡ್ಡಿನ ಒಬ್ಬ ಹೊಲದಾಳು. ಪ್ರಾರ್ಥನೆಗೆ ಹೋಗಿ ಕೆಲಸಕ್ಕೆ ತಡವಾಗಿ ಬರುತ್ತಾನೆಂದು ಜೊತೆಯವರು ಚಾಡಿ ಹೇಳಿದಾಗ ಧಣಿ ಪರೀಕ್ಷಿಸಲು ಹೋದನಂತೆ. ನೋಡಿದರೆ ದೇವದೂತರೇ ನೇಗಿಲು ಹಿಡಿದಿದ್ದರಂತೆ. 1622ರಲ್ಲಿ ಸಂತಪದವಿಗೇರಿದ ಈ ಒಕ್ಕಲಿಗನ ಹಬ್ಬ ಮೇ 15. ಅಂದು ಜನ ಮಾನ್ಸನಾರೆಸ್ ಹೊಳೆ ದಾಟಿ ಅವನ ಗುಡಿಗೆ ಹೋಗುತ್ತಾರೆ, ಅಲ್ಲಿಯ ಊಟೆಯ ನೀರು ಕುಡಿಯುತ್ತಾರೆ, ಬಯಲಲ್ಲಿ ಬುತ್ತಿ ಬಿಚ್ಚುತ್ತಾರೆ. ದುಡಿಮೆಗೆ ಬಿಡುವು ಸಿಕ್ಕ ಆಳಿನ ಹಬ್ಬವನ್ನು ಹೊಟ್ಟೆ ತುಂಬ ಉಂಡು ಆಚರಿಸದೆ ಇನ್ನು ಹೇಗೆ ಆಚರಿಸಬೇಕು? ಗುಡಿಯೇ ಕಾಣಬೇಕೆಂದರೆ, ಗೋಯಾ ಅದೇ ವರ್ಷ ಬರೆದ ಜೊತೆಚಿತ್ರದಲ್ಲಿ ಗುಡಿಯೂ ಇದೆ, ನೀರು ಕುಡಿಯಲು ಬಂದವರೂ ಇದ್ದಾರೆ.

ಮಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿ ಈ ‘ಬಯಲಿ’ನ ಮುಂದೆ ನಿಂತಾಗ ನನಗೆ ಅದರ ಗಾತ್ರವೇ ಅಚ್ಚರಿ: ಎತ್ತರ ಒಂದು ಮೊಳ, ಅಗಲ ಎರಡು ಮೊಳ, ಅಷ್ಟೆ. ಮುಂಭಾಗದಲ್ಲಿ ಬಿಳಿ ಕೊಡೆಯ ಹೆಣ್ಣು, ಮದ್ಯ ಹಂಚಿಕೊಳ್ಳುವ ಗುಂಪು. ಅದರಾಚೆ ಗಾಡಿಗಳು, ಕುಂಚದ ಚುಕ್ಕೆಗಳಾಗಿಬಿಟ್ಟ ಜನಸಾಗರ. ಹೊಳೆಯಾಚೆ ಸಾನ್ ಫ್ರಾನ್ಸಿಸ್ಕೊ ಇಗರ್ಜಿಯ ಗುಮ್ಮಟ ಮತ್ತು ಅರಸರ ಅರಮನೆ. ಅರಮನೆಯನ್ನು ಮೆಚ್ಚಿಸುವ ಚಿತ್ರವೆಂದಿರಿ. ಆ ಅರಮನೆಯನ್ನು ಅಂಗೈಯಲ್ಲಿ ಮುಚ್ಚಬಹುದು, ಬಯಲಲ್ಲಿ ಕುಳಿತವರನ್ನು ಮುಚ್ಚಲಾಗದು. ಈ ಸಂತೋಷವೇನೂ ಗೋಯಾನಿಗೆ ಸಲೀಸಾಗಿ ಒಲಿದದ್ದಲ್ಲ. ಗೆಳೆಯ ಸಪಾಟೆರ್‌ಗೆ ಬರೆದ ಪತ್ರದಲ್ಲಿ ಈ ಕೆಲಸದ ಪಾಡನ್ನು ತೋಡಿಕೊಂಡಿದ್ದಾನೆ.

ನಿಮ್ಮಂಥ ಸೂಕ್ಷ್ಮ ಓದುಗರೂ ಕಪ್ಪೆಂದರೆ ಆಳ, ಬೆಳಕೆಂದರೆ ತೆಳು ಎಂದು ನಂಬಿರುವುದಕ್ಕೆ ನಮ್ಮ ವಿಮರ್ಶಕರೇ ಹೊಣೆ. ನಕ್ಕ ಮುಖ ಕಂಡೊಡನೆ ಅವರಿಗೆ ಅನುಮಾನ, ಅತ್ತ ಮುಖಕ್ಕೆ ಮಾತ್ರ ತಪಾಸಣೆಯೇ ಇಲ್ಲ. ನೀವು ಅಪ್ಪಟ ಸತ್ಯವೆನ್ನುವ ಕಪ್ಪು ಚಿತ್ರವನ್ನು 1874ರ ನಂತರ ಗೋಡೆಯಿಂದ ಬಿಡಿಸಿ ಬಟ್ಟೆಗೆ ಅಂಟಿಸಿದವರು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುತ್ತಿದ್ದ ಮಾರ್ತಿನೆಸ್ ಕುಬೆಲ್ಸ್. ನಾವು ಇಂದು ನೋಡುವುದರಲ್ಲಿ ಅವರ ಕೈವಾಡವೂ ಇದೆ. ‘ಬಯಲು’ ಮಾತ್ರ ಮೊದಲಿನಿಂದಲೂ ಗೋಯಾ ಬರೆದ ಬಟ್ಟೆಯ ಮೇಲೆಯೇ ಇದೆ.

ಅಂದಹಾಗೆ, ನಮ್ಮ ಅಚ್ಚಿನಲ್ಲಿ ಆಕಾಶದ ನಸುಗೆಂಪು ಪೂರಾ ಮಂಕಾಗಿತ್ತು. ಅದನ್ನು ಆಕ್ಷೇಪಿಸಿ ಬರೆದಿದ್ದರೆ ನಾನು ತಲೆತಗ್ಗಿಸುತ್ತಿದ್ದೆ.