ಹಿಮದಾಟಕ್ಕೆ ಮೊದಲು ಕಾಲುಚೀಲದ ಮಾತು

ತಮ್ಮ,

ಜನವರಿಯಲ್ಲಿ ಕೆನಡಾದ ವಿನ್ನಿಪೆಗ್‌ಗೆ ಬರುತ್ತಿದ್ದೇನೆ, ಸ್ಕೀಯಿಂಗ್, ಸ್ಕೇಟಿಂಗ್ ಬಿಟ್ಟು ಹಿಮದಲ್ಲಿ ಯಾವ ಹೊಸ ಆಟ ಆಡಬಹುದು, ಬಟ್ಟೆ ಏನು ತರಲಿ, ಅಕ್ಕಿ ಸಿಗುತ್ತದೆಯೇ ಎಂದು ಕೇಳಿದ್ದೀಯ. ದಾವಣಗೆರೆಯ ಹುಡುಗ ಆಟವನ್ನೇ ಮೊದಲು ಕೇಳಿದ್ದು ಖುಷಿಯಾಯಿತು. 2009ರಲ್ಲಿ ನಾನು ಬಂದಾಗ ಚಳಿಗಾಲವೆಂದರೆ ಬಾಗಿಲು ಹಾಕಿಕೊಂಡು ಕೂರುವ ಕಾಲ ಎಂದೇ ತಿಳಿದಿದ್ದೆ. ಅಕ್ಕಿ, ಬೇಳೆ, ಜೋಳದ ಹಿಟ್ಟು ಎಲ್ಲವೂ ಸಿಗುತ್ತದೆ. ಆ ಚಿಂತೆ ಬಿಡು.

ಮೊದಲು ಕ್ರೋಕಿಕರ್ಲ್ ಆಡು. ಇದು ಈ ಊರಿನದೇ ಆಟ. ಎರಡು ನದಿಗಳು ಕೂಡುವ ದಿ ಫೋರ್ಕ್ಸ್ ಎಂಬಲ್ಲಿ 2017ರಲ್ಲಿ ಶುರುವಾಯಿತು. ಕೆನಡಾದವರ ಕ್ರೋಕಿನೋಲ್ ಹಲಗೆ ನಮ್ಮ ಕೇರಂನ ದಾಯಾದಿಯ ಹಾಗೆ: ಬಿಲ್ಲೆಯನ್ನು ಬೆರಳಿನಿಂದ ಚಿಮ್ಮಿ ನಡುವಿನ ಕುಳಿಗೆ ಬೀಳಿಸಿದರೆ 20 ಅಂಕ. ಆ ಹಲಗೆಯನ್ನೇ ಎಂಟು ಮೂಲೆಯ ಮಂಜುಗಡ್ಡೆಯ ಅಂಗಳವಾಗಿ ಹಿಗ್ಗಿಸಿ, ಬಿಲ್ಲೆಯ ಬದಲು ಕರ್ಲಿಂಗ್ ಎಂಬ ಮಂಜುಗಡ್ಡೆಯಾಟದ ಹಿಡಿಕೆಯುಳ್ಳ ಭಾರದ ಕಲ್ಲನ್ನು ಜಾರಿಸುತ್ತಾರೆ. ನಡುವಿನ ಸುತ್ತ ಗೂಟಗಳು ಕಾವಲಿವೆ. ಓಣಿಯ ಕಟ್ಟೆಯ ಮೇಲೆ ಬೋರ್ಡಿಗೆ ಪೌಡರ್ ಚೆಲ್ಲಿ, ರೆಡ್ ಹಾಕಿ ಫಾಲೋ ಕೊಟ್ಟು ಬೆಳೆದವನಿಗೆ ಅಲ್ಲಿ ಕೋನ ಹೇಳಿಕೊಡಬೇಕಾಗಿಲ್ಲ. ನಾಲ್ಕು ಜನ ಅಪರಿಚಿತರು ಅರ್ಧ ಗಂಟೆಯಲ್ಲಿ ನಿನ್ನ ಹೆಸರು ಹಿಡಿದು ಕೂಗುತ್ತಾರೆ.

ಕಿಕ್‌ಸ್ಲೆಡ್ ಕೂಡ ಒಳ್ಳೆಯದು. ಉದ್ದನೆಯ ಎರಡು ಉಕ್ಕಿನ ಪಟ್ಟಿಗಳ ಮೇಲೆ ಕೂರಿಸಿದ ಕುರ್ಚಿ ಎಂದುಕೊ. ಹಿಂದೆ ನಿಂತು ಒಂದು ಕಾಲಿನಿಂದ ಒದೆಯುತ್ತಾ ಸಾಗುವುದು. ನಾರ್ವೆಯಲ್ಲಿ ಮುದುಕಿಯರು ಅದರಲ್ಲೇ ಅಂಗಡಿಗೆ ಹೋಗುತ್ತಾರೆ. ನಾಯಿಯ ಹಿಂದೆ ಹಗ್ಗ ಕಟ್ಟಿಕೊಂಡು ಸ್ಕೀ ಮೇಲೆ ಜಾರುವ ಸ್ಕಿಜೋರಿಂಗ್ ಇದೆ. 1928ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸ್‌ನಲ್ಲಿ ಕುದುರೆ ಕಟ್ಟಿ ಪ್ರದರ್ಶಿಸಿದ್ದರು. ಮೊದಲ ವರ್ಷ ಅದು ಬೇಡ. ಇಲ್ಲಿ ಚಿತ್ರದುರ್ಗದಂಥ ಗುಡ್ಡಗಳಿಲ್ಲ, ನೆಲ ಅಂಗೈಯಷ್ಟು ಸಪಾಟು. ಆದ್ದರಿಂದ ಹಿಮಪಾದುಕೆ ಕಟ್ಟಿಕೊಂಡು ಹೂತುಹೋಗದೆ ನಡೆಯುವ ಸ್ನೋಶೂಯಿಂಗ್ ಎಲ್ಲರಿಗೂ ಸಲೀಸು.

ನನಗೆ ಪೆಟ್ಟು ಬಿದ್ದದ್ದು ಆ ಸಲೀಸು ಆಟದಲ್ಲೇ. ನಮ್ಮ ಅಪ್ಪಾಜಿ ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದವರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ನಾನು ಹೊರಡುವಾಗ ತಾವೇ ಆರಿಸಿ ಆರು ಬನಿಯನ್, ಆರು ಜೊತೆ ಕಾಲುಚೀಲ ತಂದಿದ್ದರು, ಎಲ್ಲವೂ ಅಪ್ಪಟ ಹತ್ತಿ. ನೂಲನ್ನು ಬೆರಳ ನಡುವೆ ಹೊಸೆದು, "ಇದು ಯಾವ ಹವೆಗೂ ಒಗ್ಗುತ್ತದೆ" ಎಂದಿದ್ದರು. ಅದನ್ನೇ ಹಾಕಿಕೊಂಡು ಒಂದು ಗಂಟೆ ಹಿಮದಲ್ಲಿ ನಡೆದೆ, ಚೆನ್ನಾಗಿ ಬೆವರಿದೆ. ಚಹಾಕ್ಕೆಂದು ಇಪ್ಪತ್ತು ನಿಮಿಷ ನಿಂತೆವು. ಹತ್ತಿ ಬೆವರು ಕುಡಿದರೆ ಬಿಡುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆಯುತ್ತದೆ. ಮನೆಗೆ ಬಂದು ಕಾಲುಚೀಲ ಬಿಚ್ಚಿದಾಗ ಎರಡು ಬೆರಳು ಮೇಣದಂತೆ ಬಿಳಿಚಿದ್ದವು, ಉಗುರಿನಿಂದ ಒತ್ತಿದರೂ ಅರಿವಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಜೀವ ಬರುವಾಗ ಆದ ಉರಿ ಇವತ್ತಿಗೂ ನೆನಪಿದೆ. ಕಿರುಬೆರಳು ಈಗಲೂ ನವೆಂಬರ್ ಬಂದರೆ ಮರಗಟ್ಟುತ್ತದೆ.

ಅದಕ್ಕೇ ಹೇಳುತ್ತೇನೆ, ಮೈಗೆ ತಾಗುವ ಪದರ ಉಣ್ಣೆಯದೇ ಇರಲಿ. ಒದ್ದೆಯಾದರೂ ಅದು ಬೆಚ್ಚಗಿಡುತ್ತದೆ. ಬೆವರು ಬರುವ ಮೊದಲೇ ಮೇಲಿನ ಕೋಟಿನ ಜಿಪ್ ಇಳಿಸು. ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ. ಗಾಳಿ ಸೇರಿದ ಚಳಿ ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಆ ದಿನ ಆಟ ಬೇಡ. ಇವನ್ನೆಲ್ಲ ಅಲ್ಲಿ ಕೊಳ್ಳಬೇಡ, ಇಲ್ಲಿಗೆ ಬಂದು ಕೊಳ್ಳು.

ಆ ರಾತ್ರಿ ನೋವಿನಲ್ಲಿ ಫೋನ್ ಮಾಡಿ, "ಅಪ್ಪಾಜಿ, ನಿಮ್ಮ ಹತ್ತಿ ನನ್ನ ಕಾಲು ತೆಗೆಯುತ್ತಿತ್ತು" ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನು ಅಮ್ಮನ ಕೈಗೆ ಕೊಟ್ಟರು. ಮುಂದಿನ ಪಾರ್ಸೆಲ್‌ನಲ್ಲಿ ಶೇಂಗಾ ಚಟ್ನಿಪುಡಿ ಇತ್ತು, ಬಟ್ಟೆ ಇರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಈಗ ಅವರಿಲ್ಲ.

ನಿನ್ನ ಮನೆಯವರು ಹತ್ತಿ ಬಟ್ಟೆ ಕಟ್ಟಿಕೊಟ್ಟರೆ ಬೇಡವೆನ್ನಬೇಡ, ತೆಗೆದುಕೊಂಡು ಬಾ. ಜುಲೈನಲ್ಲಿ ಇಲ್ಲಿ 30 ಡಿಗ್ರಿ ಬಿಸಿಲಿರುತ್ತದೆ. ಉಳಿದ ಎರಡು ಬನಿಯನ್‌ಗಳನ್ನು ನಾನು ಆಗ ಹಾಕಿಕೊಳ್ಳುತ್ತೇನೆ.