ಬ್ಯಾಟರಿನೂ ಹೊಸದು, ಡೈನಮೋನೂ ಬದಲಾಯ್ತು, ಚಾರ್ಜ್ ಮಾತ್ರ ಇಲ್ಲ

ಪ್ರಶ್ನೆ (ಓದುಗರು, ಕುಂದಾಪುರ): ಸರ್, ನಮ್ಮದು 2009ರ ಸಣ್ಣ ಪೆಟ್ರೋಲ್ ಕಾರು. ಮಳೆಗಾಲ ಶುರು ಆದಾಗಿಂದ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬರೀ ಟಕ್ ಟಕ್ ಅನ್ನುತ್ತೆ. ಬ್ಯಾಟರಿ ಹೋಗಿದೆ ಅಂದ್ರು, ಹೊಸದು ಹಾಕ್ಸಿದೆ, ಒಂದು ವಾರ ಓಡ್ತು, ಮತ್ತೆ ಅದೇ ಕಥೆ. ಆಮೇಲೆ ಎಲೆಕ್ಟ್ರಿಷಿಯನ್ ಡೈನಮೋ ಹೋಗಿದೆ ಅಂತ ರೀಕಂಡಿಷನ್ ಮಾಡಿದ್ದೊಂದು ಹಾಕಿ ಕೊಟ್ರು, ಈಗ್ಲೂ ಚಾರ್ಜ್ ಆಗ್ತಿಲ್ಲ. ಮೀಟರ್ ಬೋರ್ಡಲ್ಲಿ ಬ್ಯಾಟರಿ ದೀಪ ಇತ್ತೀಚೆಗೆ ಒಂದು ಸಲನೂ ಉರಿದಿದ್ದು ನೋಡಿಲ್ಲ, ಹಾಗಾಗಿ ಚಾರ್ಜಿಂಗ್ ಸರಿನೇ ಇರ್ಬೇಕು, ಎಲ್ಲೋ ಕರೆಂಟ್ ಲೀಕ್ ಆಗ್ತಿರಬಹುದಾ?

ಉತ್ತರ: ದೀಪ ಉರಿದೇ ಇಲ್ಲ ಅಂತ ನೀವು ಸಮಾಧಾನ ಪಟ್ಕೊಂಡಿದ್ದೀರಿ, ನನಗೆ ಅಲ್ಲೇ ಅನುಮಾನ ಬಂತು. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ, ಆಯಿಲ್ ದೀಪದ ಜೊತೆ ಬ್ಯಾಟರಿ ದೀಪನೂ ಉರೀಲೇಬೇಕು, ಇಂಜಿನ್ ಎದ್ದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಉರೀತಿಲ್ಲ ಅಂದ್ರೆ ನಿಮ್ಮ ತೊಂದರೆ ಬಹುಶಃ ಅಲ್ಲೇ ಇದೆ, ಲೀಕೂ ಇಲ್ಲ ಗೀಕೂ ಇಲ್ಲ.

ಯಾಕೆ ಅಂತೀರಾ, ಆಲ್ಟರ್ನೇಟರ್ (ನೀವು ಡೈನಮೋ ಅನ್ನೋದು ಇದನ್ನೇ, ಇಂಜಿನ್ ಬೆಲ್ಟಿಂದ ತಿರುಗಿ ಕರೆಂಟ್ ಹುಟ್ಟಿಸೋದು) ಒಳಗೆ ತಿರುಗೋ ರೋಟರ್ ಇದ್ಯಲ್ಲ, ಅದರಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಇರಲ್ಲ, ಅದು ಕಾಯಿಲ್‌ಗೆ ಕರೆಂಟ್ ಕೊಟ್ರೆ ಮಾತ್ರ ಮ್ಯಾಗ್ನೆಟ್ ಆಗೋದು. ಶುರುವಿನ ಆ ಚಿಕ್ಕ ಕರೆಂಟು ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ಕೀಯಿಂದ ಹೊರಟು ಇದೇ ಬ್ಯಾಟರಿ ದೀಪದ ಮೂಲಕ ಸಣ್ಣ ವೈರಲ್ಲಿ ಬಂದು ಸೇರುತ್ತೆ. ಬಲ್ಬ್ ಸುಟ್ಟಿದ್ರೆ, ಫ್ಯೂಸ್ ಹೋಗಿದ್ರೆ, ಆಲ್ಟರ್ನೇಟರ್ ಹಿಂದಿನ ಸಾಕೆಟ್ಟಲ್ಲಿ ಆ ಪಿನ್ ಹಸಿರುಗಟ್ಟಿದ್ರೆ ರೋಟರ್ ಸುಮ್ನೆ ತಿರುಗ್ತಾ ಇರುತ್ತೆ, ಕರೆಂಟ್ ಹುಟ್ಟಲ್ಲ, ನೀವು ಹತ್ತು ಡೈನಮೋ ಬದಲಾಯಿಸಿದ್ರೂ ಅಷ್ಟೇ. ಕೆಲವು ಗಾಡಿಗಳಲ್ಲಿ ಇದರ ಜೊತೆ ಕೀಯಿಂದ ನೇರ ಬರೋ ಇನ್ನೊಂದು ವೈರೂ ಇರುತ್ತೆ, ಅದರ ಫ್ಯೂಸು ಹಲವು ಸಲ ಮೀಟರ್ ಬೋರ್ಡು, ರಿವರ್ಸ್ ಲೈಟ್ ಜೊತೆ ಒಂದೇ. ಆದ್ದರಿಂದ ಮೊದಲು ರಿವರ್ಸ್ ಲೈಟ್ ಉರಿಯುತ್ತಾ, ಟೆಂಪರೇಚರ್ ಮುಳ್ಳು ಏಳುತ್ತಾ ನೋಡಿ. ಅವೂ ಸತ್ತಿದ್ರೆ ಫ್ಯೂಸ್ ಬಾಕ್ಸ್ ತೆಗೀರಿ, ಕೆಲಸ ಅಲ್ಲೇ ಮುಗಿದ್ರೂ ಮುಗೀತು.

ಫ್ಯೂಸ್ ಸರಿ ಇದ್ರೆ ಹೀಗೆ ಮಾಡಿ. ಆಲ್ಟರ್ನೇಟರ್ ಹಿಂದಿನ ಸಣ್ಣ ಸಾಕೆಟ್ ಬಿಚ್ಚಿ, ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡ್ಬೇಡಿ. ಬಲ್ಬ್ ಇರೋ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನ ಇಂಜಿನ್ನಿಗೆ ಅರ್ತ್ ಮಾಡಿ ಇನ್ನೊಂದು ತುದೀನ ಸಾಕೆಟ್ಟಿನ ಪಿನ್ನುಗಳಿಗೆ ಒಂದೊಂದಾಗಿ ಮುಟ್ಟಿಸಿ. ನೇರ ಕೀ ವೈರ್ ಇದ್ರೆ ಲ್ಯಾಂಪ್ ಜೋರಾಗಿ ಉರಿಯುತ್ತೆ, ದೀಪದ ವೈರ್ ಆದ್ರೆ ಮಂಕಾಗಿ ಉರಿಯುತ್ತೆ, ಆಗ ಮೀಟರ್ ಬೋರ್ಡಿನ ದೀಪನೂ ಮಂಕಾಗಿ ಹತ್ತಬೇಕು. ಯಾವುದರಲ್ಲೂ ಏನೂ ಬರ್ಲಿಲ್ಲ ಅಂದ್ರೆ ತೊಂದರೆ ವೈರಿಂಗು, ಬಲ್ಬಿನ ಕಡೆ, ಆಲ್ಟರ್ನೇಟರ್ ಪಾಪ ನಿರಪರಾಧಿ. ಕೆಲವರು ವೈರನ್ನೇ ನೇರ ಬಾಡಿಗೆ ತಾಗಿಸಿ ನೋಡ್ತಾರೆ, ಅದು ಕೀ ವೈರ್ ಆಗಿದ್ರೆ ಇದ್ದ ಫ್ಯೂಸೂ ಹೋಗುತ್ತೆ, ಬೇಡ. ನಟ್ ಹಾಕಿ ಬಿಗಿದಿರೋ ದಪ್ಪ ವೈರಿನ ತಂಟೆಗಂತೂ ಹೋಗ್ಲೇಬೇಡಿ, ಅದು ಸದಾ ಬ್ಯಾಟರಿಗೆ ಕನೆಕ್ಟ್ ಆಗಿರುತ್ತೆ, ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಪಟಾಕಿ. ಅದನ್ನ ಬಿಚ್ಚಬೇಕು ಅಂದ್ರೆ ಮೊದಲು ಬ್ಯಾಟರಿ ಮೈನಸ್ ತೆಗೀರಿ.

ಹಳೇ ಮೆಕ್ಯಾನಿಕ್‌ಗಳು ಇನ್ನೊಂದು ಮಾಡ್ತಾರೆ, ನನಗೂ ಅದು ಇಷ್ಟ. ಸಾಕೆಟ್ ವಾಪಸ್ ಹಾಕಿ, ಕೀ ಆನ್, ಇಂಜಿನ್ ಆಫ್, ಆಲ್ಟರ್ನೇಟರ್ ಹಿಂಭಾಗದ ಬೇರಿಂಗ್ ಹತ್ರ ಒಂದು ಸ್ಕ್ರೂಡ್ರೈವರ್ ತುದಿ ಹಿಡೀರಿ. ಸೆಳೆದುಕೊಂಡ್ರೆ ರೋಟರಿಗೆ ಕರೆಂಟ್ ಹೋಗ್ತಿದೆ ಅಂತ ಅರ್ಥ. ಸೆಳೀಲಿಲ್ಲ, ಆದ್ರೆ ಪಿನ್ನಲ್ಲಿ ಕರೆಂಟ್ ಇದೆ ಅಂದ್ರೆ ಒಳಗೆ ಕಾರ್ಬನ್ (ರೋಟರಿಗೆ ಕರೆಂಟ್ ಮುಟ್ಟಿಸೋ ಬ್ರಷ್) ಸವೆದಿದೆ ಇಲ್ಲಾ ಕಟೌಟ್ (ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್) ಹೋಗಿದೆ, ಆಗ ಆ ರೀಕಂಡಿಷನ್ ಮಾಡಿದವರನ್ನ ಹಿಡ್ಕೊಳ್ಳಿ, ಎಷ್ಟೋ ಕಡೆ ರೀಕಂಡಿಷನ್ ಅಂದ್ರೆ ಬಾಡಿಗೆ ಸಿಲ್ವರ್ ಪೇಂಟ್ ಅಷ್ಟೇ.

ಈಗ ಮಲ್ಟಿಮೀಟರ್. ಮನೇಲಿ ಒಂದು ಇಟ್ಕೊಳ್ಳಿ, ಅಗ್ಗದ್ದೇ ಸಾಕು. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇದ್ರೆ ಫುಲ್, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಹಸಿದು ಕೂತಿದೆ. ಇಂಜಿನ್ ಓಡುವಾಗ ಅದೇ ಜಾಗದಲ್ಲಿ 13.8ರಿಂದ 14.5ರೊಳಗೆ ತೋರಿಸ್ಬೇಕು. ಸ್ವಲ್ಪನೂ ಏರ್ಲಿಲ್ಲ ಅಂದ್ರೆ ಒಂದು ಸಲ ಆಕ್ಸಿಲರೇಟರ್ ಜೋರಾಗಿ ಕೊಟ್ಟು ನೋಡಿ, ಆಗ ತಟ್ಟನೆ 14 ದಾಟಿ ಅಲ್ಲೇ ನಿಂತ್ರೆ ಮತ್ತೆ ಅದೇ ದೀಪದ ವೈರಿನ ಕಥೆ, ರೋಟರ್ ಕಬ್ಬಿಣದಲ್ಲಿ ಉಳಿದಿರೋ ಚೂರು ಮ್ಯಾಗ್ನೆಟಿಸಂ ಮೇಲೆ ಹೇಗೋ ಎದ್ದಿರುತ್ತೆ.

ನೀವು ಸಮುದ್ರದ ಪಕ್ಕ ಇರೋರು, ಹಾಗಾಗಿ ಇನ್ನೊಂದು ವಿಷಯ ಬಿಡೋ ಹಾಗಿಲ್ಲ. ಉಪ್ಪು ಗಾಳಿ, ಮೇಲೆ ಮಳೆ, ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತ್ಕೊಳ್ಳುತ್ತೆ, ಅದು ಕಣ್ಣಿಗೆ ಕಾಣುತ್ತೆ, ಆದ್ರೆ ಇಂಜಿನ್ನಿಂದ ಬಾಡಿಗೆ ಹೋಗೋ ಅರ್ತ್ ಪಟ್ಟಿ ಬುಡದಲ್ಲಿ ತುಕ್ಕು ಹಿಡಿದಿರೋದು ಯಾರಿಗೂ ಕಾಣಲ್ಲ. ಇಂಜಿನ್ ಓಡ್ತಿರಲಿ, ಹೆಡ್‌ಲೈಟ್, ಬ್ಲೋವರ್ ಎಲ್ಲಾ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಆಲ್ಟರ್ನೇಟರ್ ಬಾಡಿಗೆ. 0.2 ವೋಲ್ಟಿಗಿಂತ ಜಾಸ್ತಿ ಬಂದ್ರೆ ಅರ್ತ್ ಕೆಟ್ಟಿದೆ. ಹಾಗೇ ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಂದ ಬ್ಯಾಟರಿ ಪ್ಲಸ್ಸಿಗೆ ಹಿಡೀರಿ, ಬೆಲ್ಟಿಗೆ ಕೈ, ಬಟ್ಟೆ ತಾಗದ ಹಾಗೆ. ಮೀಟರ್ 1.2 ತೋರಿಸಿದ್ರೆ, ಅಂದ್ರೆ ಬೋಲ್ಟಲ್ಲಿ 14.2 ಇದ್ದು ಬ್ಯಾಟರೀಲಿ 13 ಇದ್ರೆ, ಮಧ್ಯದ ವೈರು ಇಲ್ಲಾ ಮೇನ್ ಫ್ಯೂಸಿನ ಬಿಗಿತ ನೋಡಿ. ಟರ್ಮಿನಲ್ಲಿಗೆ ಬಿಸಿನೀರು, ಅಡುಗೆ ಸೋಡಾ, ಒಣಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ. ಬೆಲ್ಟ್ ಬಗ್ಗೆ ಹೆಚ್ಚು ಹೇಳೋದೇನಿಲ್ಲ, ಇಂಜಿನ್ ಆಫ್ ಮಾಡಿ ಹೆಬ್ಬೆರಳಲ್ಲಿ ಒತ್ತಿದ್ರೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬಗ್ಗಬಾರ್ದು, ಬೆಳಿಗ್ಗೆ ಕೀಚ್ ಅನ್ನಬಾರ್ದು.

ಹೊಸ ಬ್ಯಾಟರಿ ಒಂದು ವಾರ ಹೇಗೆ ಓಡ್ತು ಅನ್ನೋದಕ್ಕೆ ಲೆಕ್ಕ ಸುಲಭ. ಸಣ್ಣ ಕಾರಿಗೆ 35 ಆಂಪಿಯರ್ ಅವರ್ (ಒಂದು ಆಂಪಿಯರ್‌ನಂತೆ 35 ಗಂಟೆ ಕೊಡೋಷ್ಟು) ಬ್ಯಾಟರಿ, ಹಗಲು ಒಂದಿಷ್ಟು ಓಡಾಟಕ್ಕೆ ಅದರಲ್ಲಿ ತುಂಬಿರೋ ಚಾರ್ಜೇ ಸಾಕು. ರಾತ್ರಿ ಮಳೇಲಿ ಎರಡು ಹೆಡ್‌ಲೈಟೇ 9 ಆಂಪಿಯರ್ ತಿನ್ನುತ್ತೆ, ವೈಪರ್ ಬ್ಲೋವರ್ ಸೇರಿದ್ರೆ ಒಂದೂವರೆ ಗಂಟೆ ಬಂದ್ರೆ ಹೆಚ್ಚು. ಈಗ ಆ ಬ್ಯಾಟರೀನ ಮೊದಲು ಹೊರಗಿನ ಚಾರ್ಜರಿಗೆ ಹಾಕ್ಸಿ ಪೂರ್ತಿ ತುಂಬಿಸಿ, ಸತ್ತ ಬ್ಯಾಟರೀನ ಎಬ್ಬಿಸೋ ಕೆಲಸ ಆಲ್ಟರ್ನೇಟರಿಗೆ ಹಚ್ಚಿದ್ರೆ ಕಾದು ಡಯೋಡ್ (ಒಳಗೆ ಹುಟ್ಟೋ ಎಸಿ ಕರೆಂಟನ್ನ ಡಿಸಿ ಮಾಡೋ ಭಾಗ) ಹೋಗುತ್ತೆ.

ಪ್ರಶ್ನೆ (ಓದುಗರು, ಹುಬ್ಬಳ್ಳಿ): ನಮ್ದು ಹಳೇ ಡೀಸೆಲ್ ಗಾಡಿ ಐತ್ರಿ. ಡೈನಮೋ ಮ್ಯಾಲಿಂದ ಮ್ಯಾಲೆ ಕೆಡತೈತಿ, ಕಾರ್ಬನ್ ಹಾಕಿಸಿದ್ರ ಸ್ವಲ್ಪ ದಿನ ಚಲೋ, ಮತ್ತ ಅದ. ಈಗೀಗ ಬ್ರೇಕೂ ಗಟ್ಟಿ ಆಗೇತ್ರಿ. ಎರಡಕ್ಕೂ ಏನರ ಸಂಬಂಧ ಐತೇನ್ರಿ?

ಉತ್ತರ: ಇದೆ ಸರ್, ಚೆನ್ನಾಗಿ ಗಮನಿಸಿದ್ದೀರಿ. ಹಳೇ ಡೀಸೆಲ್ ಗಾಡಿಗಳಲ್ಲಿ ಎಷ್ಟೋ ಕಡೆ ಬ್ರೇಕ್ ಬೂಸ್ಟರಿಗೆ (ಪೆಡಲ್ ಹಗುರ ಮಾಡೋ ಡಬ್ಬಿ) ಬೇಕಾದ ವ್ಯಾಕ್ಯೂಮ್ ಪಂಪು ಡೈನಮೋದ ಬೆನ್ನಿಗೇ ಕೂತಿರುತ್ತೆ, ಅದೇ ಶಾಫ್ಟು, ಅದೇ ಬೆಲ್ಟು. ಪಂಪಿಗೆ ಇಂಜಿನ್ ಆಯಿಲ್ ಬರುತ್ತೆ, ಸೀಲ್ ಹೋದ್ರೆ ಆ ಆಯಿಲ್ ಡೈನಮೋ ಒಳಗೆ ಇಳಿದು ಕಾರ್ಬನ್ ಪುಡಿ ಜೊತೆ ಕಲಸಿ ಕಪ್ಪು ಕೆಸರಾಗುತ್ತೆ, ಕಾರ್ಬನ್ ಸ್ಲಿಪ್ ರಿಂಗಿಗೆ (ರೋಟರ್ ಶಾಫ್ಟಿನ ಮೇಲಿರೋ ತಾಮ್ರದ ಬಳೆ) ಸರಿಯಾಗಿ ತಾಗಲ್ಲ, ಚಾರ್ಜ್ ನಿಲ್ಲುತ್ತೆ. ಪಂಪು ಸೋತ್ರೆ ಬೂಸ್ಟರಿಗೆ ವ್ಯಾಕ್ಯೂಮ್ ಸಾಲಲ್ಲ, ಬ್ರೇಕ್ ಗಟ್ಟಿ ಆಗುತ್ತೆ. ಬರೀ ಕಾರ್ಬನ್ ಹಾಕಿಸ್ತಾ ಹೋದ್ರೆ ದುಡ್ಡು ದಂಡ. ಬಿಚ್ಚಿಸಿದಾಗ ನೀವೇ ನಿಂತು ನೋಡಿ, ಒಳಗೆ ಎಣ್ಣೆ ಜಿಡ್ಡು ಇದ್ರೆ ಪಂಪಿನ ಸೀಲು, ಬ್ಲೇಡು ಎರಡನ್ನೂ ಹಾಕ್ಸಿ, ವ್ಯಾಕ್ಯೂಮ್ ಪೈಪ್ ಸೀಳಿದ್ಯಾ ಅದನ್ನೂ ನೋಡಿಸಿ. ಬ್ರೇಕ್ ಗಟ್ಟಿ ಇಟ್ಕೊಂಡು ಘಾಟಿ ಇಳೀಬೇಡಿ, ಚಾರ್ಜಿಂಗ್ ಆಮೇಲೆ, ಇದು ಮೊದಲು.

ಪ್ರಶ್ನೆ (ಓದುಗರು, ಮೈಸೂರು): ಗಾಡಿ ಓಡ್ತಿರುವಾಗ ಬ್ಯಾಟರಿ ವೈರ್ ತೆಗೆದ್ರೂ ಇಂಜಿನ್ ನಿಲ್ಲದಿದ್ರೆ ಆಲ್ಟರ್ನೇಟರ್ ಚೆನ್ನಾಗಿದೆ ಅಂತ ಅರ್ಥ ಅಂತಾರೆ, ಹೀಗೆ ಟೆಸ್ಟ್ ಮಾಡಬಹುದಾ?

ಉತ್ತರ: ಬೇಡ. ಚಾರ್ಜ್ ಆಗ್ತಿರೋ ಬ್ಯಾಟರೀನ ತಟ್ಟನೆ ತೆಗೆದ್ರೆ ಆ ಕರೆಂಟಿಗೆ ಹೋಗೋಕೆ ಜಾಗ ಇರಲ್ಲ, ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟ್ ಮೇಲಕ್ಕೆ ಹಾರುತ್ತೆ, ಡಯೋಡ್, ಇಸಿಯು (ಇಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್), ಸ್ಟೀರಿಯೋ ಯಾವುದು ಬೇಕಾದ್ರೂ ಹೋಗಬಹುದು. ಟೆಸ್ಟ್ ಮಾಡ್ಬೇಕು ಅಂದ್ರೆ ಮೀಟರ್ ಇದೆಯಲ್ಲ. ಅದನ್ನೇ ಎಸಿ ವೋಲ್ಟಿಗೆ ತಿರುಗಿಸಿ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಹಿಡೀರಿ, ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಡಯೋಡ್ ಪ್ಲೇಟ್ ಚೆಕ್ ಮಾಡ್ಸಿ. ಹೊಸ ಗಾಡಿಗಳಲ್ಲಿ ಚಾರ್ಜಿಂಗನ್ನ ಇಸಿಯುನೇ ನೋಡ್ಕೊಳ್ಳುತ್ತೆ, ಬ್ಯಾಟರಿ ತುಂಬಿದ್ದಾಗ ಬೇಕಂತಲೇ 13ರ ಕೆಳಗೂ ಇಳಿಸುತ್ತೆ, ಅದನ್ನ ನೋಡಿ ಗಾಬರಿ ಆಗಿ ಆಲ್ಟರ್ನೇಟರ್ ಬಿಚ್ಚಿಸಬೇಡಿ.