ರೋ ಹೌಸ್ ತಗೊಳ್ಳೋ ಮುಂಚೆ ಬಿಲ್ಡರ್ ಹೇಳದ ಯಾವ್ಯಾವ ಖರ್ಚು ವಿಚಾರಿಸಬೇಕು?

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಒಂದೂವರೆ ಕೋಟಿಗೆ ರೋ ಹೌಸ್ (ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲುಮನೆ) ನೋಡಿದ್ದೇವೆ, ಆ ರೇಟಿನ ಮೇಲೆ ಇನ್ನೆಷ್ಟು ಕೈಯಲ್ಲಿರಬೇಕು ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಒಂದು ಸಣ್ಣ ಗೇಟೆಡ್ ಲೇಔಟಿನಲ್ಲಿರೋನು. ಅಸೋಸಿಯೇಷನ್ ಲೆಕ್ಕವನ್ನೂ ನೋಡ್ಕೊಂಡಿದ್ದೇನೆ, ಹಾಗಾಗಿ ಒಳಗಿನ ಕಥೆ ಸ್ವಲ್ಪ ಗೊತ್ತು.

ಮೊದಲು ಸರ್ಕಾರದ ಪಾಲು ಮುಗಿಸಿಬಿಡೋಣ. ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಎಲ್ಲ ಸೇರಿ ಸುಮಾರು ಶೇ 7.6. ನಿಮ್ಮ ಒಂದೂವರೆ ಕೋಟಿಗೆ 11.4 ಲಕ್ಷ. ಹಳೇ ಬ್ಲಾಗ್ ನೋಡಿ 6.6 ಅಂತ ಲೆಕ್ಕ ಹಾಕ್ಕೊಂಡು ಕೂತರೆ ರಿಜಿಸ್ಟ್ರೇಷನ್ ದಿನ ಒಂದೂವರೆ ಲಕ್ಷ ಕಮ್ಮಿ ಬೀಳುತ್ತೆ. ಮನೆ ಇನ್ನೂ ಕಟ್ಟುತ್ತಾ ಇದ್ದರೆ ಶೇ 5 ಜಿಎಸ್‌ಟಿ, ಅಂದರೆ ಇನ್ನೂ ಏಳೂವರೆ ಲಕ್ಷ. ಒಸಿ, ಅಂದರೆ ಮನೆ ವಾಸಕ್ಕೆ ಸಿದ್ಧ ಅಂತ ಸ್ಥಳೀಯ ಸಂಸ್ಥೆ ಕೊಡೋ ಪತ್ರ, ಬಂದ ಮೇಲೆ ಮಾರೋ ಮನೆಗೆ ಜಿಎಸ್‌ಟಿ ಇಲ್ಲ. ಸ್ಟಾಂಪ್ ಡ್ಯೂಟಿ, ನೋಂದಣಿಗೆ ಬ್ಯಾಂಕಿನವರು ಲೆಕ್ಕದಲ್ಲಿ ಜಾಗ ಕೊಡೋದಿಲ್ಲ. 75 ಲಕ್ಷ ಮೀರಿದ ಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಮನೆ ಬೆಲೆಯ ಶೇ 75, ಆ ಬೆಲೆಗೆ ಸ್ಟಾಂಪ್ ಡ್ಯೂಟಿ, ನೋಂದಣಿ ಸೇರಿಸೋ ಹಾಗಿಲ್ಲ. ಹೀಗಾಗಿ 37.5 ಲಕ್ಷ ನೀವೇ ಕೈಯಿಂದ ಹಾಕಬೇಕು, ಜೊತೆಗೆ ಆ 11.4. ಇಂಟೀರಿಯರ್, ಗ್ರಿಲ್ಲು, ಸೊಳ್ಳೆ ಜಾಲರಿ, ಯುಪಿಎಸ್ ಶುರುವಾಗೋ ಮುಂಚೆಯೇ 49 ಲಕ್ಷ ಹತ್ತಿರ ಆಯ್ತು.

ಇಷ್ಟನ್ನು ಯಾರಾದರೂ ಹೇಳ್ತಾರೆ. ರೋ ಹೌಸಿನಲ್ಲಿ ನಿಜವಾಗಿ ಕಚ್ಚೋದು ಮೇಂಟೆನೆನ್ಸು. ಕಾರಣ ಸರಳ: ಖರ್ಚು ಹಂಚ್ಕೊಳ್ಳೋಕೆ ಮನೆಗಳೇ ಕಮ್ಮಿ. ಗೇಟಿಗೆ ಮೂರು ಶಿಫ್ಟಿನ ಸೆಕ್ಯುರಿಟಿ, ಎಸ್‌ಟಿಪಿ (ಕೊಳಚೆ ನೀರು ಶುದ್ಧಮಾಡೋ ಘಟಕ) ನಡೆಸೋನು, ಜನರೇಟರ್ ಡೀಸೆಲ್, ಬೀದಿದೀಪ, ಒಳಗಿನ ರಸ್ತೆ ಇವೆಲ್ಲ 30 ಮನೆ ಇದ್ದರೂ ಬೇಕು, 300 ಇದ್ದರೂ ಬೇಕು. ಸುಮ್ಮನೆ ಲೆಕ್ಕಕ್ಕೆ ತಿಂಗಳ ಸಾಮಾನ್ಯ ಖರ್ಚು 3 ಲಕ್ಷ ಅಂತ ಇಟ್ಕೊಳ್ಳಿ. 300 ಫ್ಲಾಟಾದರೆ ತಲಾ ಸಾವಿರ. 30 ರೋ ಹೌಸಾದರೆ ತಲಾ ಹತ್ತು ಸಾವಿರ. ಇಲ್ಲೊಂದು ಗಂಟಿದೆ: ತಿಂಗಳ ಮೇಂಟೆನೆನ್ಸ್ 7,500 ದಾಟಿ, ಅಸೋಸಿಯೇಷನ್ನಿನ ವರ್ಷದ ವಹಿವಾಟು 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ ಬರುತ್ತೆ. 2019ರ ಸುತ್ತೋಲೆ ಪ್ರಕಾರ ಅದು 7,500 ಮೇಲಿನ ಹಣಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ. ಹತ್ತು ಸಾವಿರ ಅಂದದ್ದು 11,800 ಆಯ್ತು. ಬಿಲ್ಡರ್ ಮೊದಲ ವರ್ಷ ತೋರಿಸೋ ಚದರಡಿ ರೇಟನ್ನ ನಂಬಬೇಡಿ. ಮನೆಗಳೆಲ್ಲ ಮಾರಾಟ ಆಗೋವರೆಗೆ ಕೈಯಿಂದ ಹಾಕಿ ಕಮ್ಮಿ ತೋರಿಸೋರೂ ಇದ್ದಾರೆ.

ಕಾರ್ಪಸ್ ಫಂಡ್, ಅಂದರೆ ಮುಂದಿನ ದೊಡ್ಡ ರಿಪೇರಿಗಳಿಗೆ ಕೂಡಿಡೋ ನಿಧಿ, ಅಂತ ಒಂದಷ್ಟು ಲಕ್ಷ ಕಟ್ಟಿಸ್ಕೋತಾರೆ. ಅದು ಯಾರ ಖಾತೆಯಲ್ಲಿದೆ, ಅಸೋಸಿಯೇಷನ್‌ಗೆ ಯಾವಾಗ ಕೊಡ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ.

ನೀರು. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯ್ತು ನಿಜ, ಆದರೆ ಬ್ರೋಷರಿನಲ್ಲಿ "ಕಾವೇರಿ ನೀರು" ಅಂತಿದ್ದರೆ ಮೀಟರ್ ಎಲ್ಲಿದೆ ಅಂತ ಕೇಳಿ, ಹೋಗಿ ನೋಡಿ. ಇಲ್ಲದಿದ್ದರೆ ಬೋರ್‌ವೆಲ್, ಅದು ಕೈಕೊಟ್ಟರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯ್ತು. ಈಗಾಗಲೇ ಜನ ಇರೋ ಲೇಔಟಾದರೆ ಮಾರ್ಚ್, ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ ತೋರಿಸಿ ಅನ್ನಿ. ಮಳೆಗಾಲದ ಬಿಲ್ ನೋಡಿ ಏನೂ ತಿಳಿಯಲ್ಲ. ಆಮೇಲೆ ಎಸ್‌ಟಿಪಿ ಹತ್ತಿರ ಒಂದು ಹತ್ತು ನಿಮಿಷ ಸುಮ್ಮನೆ ನಿಂತ್ಕೊಳ್ಳಿ. ಕೊಳಚೆ ನೀರಿಗೆ ಗಾಳಿ ಊದೋ ಬ್ಲೋವರ್ ಸದ್ದು ಕೇಳಿಸ್ತಿದೆಯಾ, ನಾತ ಇದೆಯಾ? ಬ್ಲೋವರ್ ನಿಂತು, ನಾತ ಹೊಡೀತಿದ್ದರೆ ಅದರ ರಿಪೇರಿಯ ಒಂದು ಪಾಲು ನಿಮ್ಮ ಹೆಸರಿಗೆ ಕಾದಿದೆ.

ಇನ್ನು ಪಕ್ಕದ ಮನೆಗೆ ಅಂಟಿಕೊಂಡಿರೋ ನಡುಗೋಡೆ, ತಾರಸಿ. ಫ್ಲಾಟಿನಲ್ಲಿ ತಾರಸಿ ಎಲ್ಲರದ್ದು, ಇಲ್ಲಿ ನಿಮ್ಮ ತಾರಸಿ ಸಾಮಾನ್ಯವಾಗಿ ನಿಮ್ಮದೇ ಹೊಣೆ. ನಮ್ಮ ಸಾಲಿನಲ್ಲಿ ಒಬ್ಬರ ಮನೆಯಲ್ಲಿ ಮೆಟ್ಟಿಲ ಪಕ್ಕದ ಗೋಡೆ ಪ್ರತಿ ಮಳೆಗಾಲ ಉಬ್ಬಿ, ಪುಟ್ಟಿ ಹಪ್ಪಳದ ಹಾಗೆ ಎದ್ದು ಬರೋದು. ಎರಡು ಸಲ ಬಣ್ಣ ಹೊಡೆಸಿದರು. ನೀರು ಬರ್ತಿದ್ದದ್ದು ಪಕ್ಕದ ಮನೆ ತಾರಸಿಯ ಪೈಪಿನ ಬುಡದಿಂದ. ವಾಟರ್‌ಪ್ರೂಫಿಂಗ್ ಯಾರು ಮಾಡಿಸಬೇಕು ಅಂತ ಅಸೋಸಿಯೇಷನ್ ಬೈಲಾದಲ್ಲಿ ಒಂದು ಸಾಲೂ ಇರಲಿಲ್ಲ. ನೀವು ಆ ಸಾಲು ಇದೆಯಾ ಅಂತ ಮೊದಲೇ ಹುಡುಕಿ. ಹೊಸ ಮನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ರಚನೆಯ ದೋಷಗಳನ್ನ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ರೀಸೇಲಾದರೆ ಆ ಐದರಲ್ಲಿ ಎಷ್ಟು ಉಳಿದಿದೆ ನೋಡಿ.

ಒಸಿ ಇಲ್ಲದ ಮನೆ ಅಗ್ಗಕ್ಕೆ ಸಿಗುತ್ತೆ ಅಂತ ಆಸೆಪಡಬೇಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಸಿ ಇಲ್ಲದೆ ಕಾಯಂ ಕರೆಂಟು, ನೀರಿನ ಸಂಪರ್ಕ ಪಡೆಯೋದು ಕಷ್ಟ. ತಾತ್ಕಾಲಿಕ ಕನೆಕ್ಷನ್ನಿನ ಯೂನಿಟ್ ದರ ಕಟ್ತಾ ಕೂರಬೇಕಾಗುತ್ತೆ. ಪ್ರತಿ ಮನೆಗೂ ಬೇರೆ ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಆಗಿದೆಯಾ ಅನ್ನೋದನ್ನೂ ನೋಡಿ, ಅದಿಲ್ಲದೆ ರಿಜಿಸ್ಟ್ರೇಷನ್ನೇ ನಡೆಯಲ್ಲ.

ಕೊನೇದಾಗಿ, ರೀಸೇಲ್ ನೋಡ್ತಿದ್ದರೆ ಮಾರೋರು ಎಲ್ಲಿದ್ದಾರೆ ಅಂತ ಕೇಳಿ. ಇಲ್ಲೇ ಇರೋರಾದರೆ 50 ಲಕ್ಷ ಮತ್ತು ಮೇಲ್ಪಟ್ಟ ವ್ಯವಹಾರಕ್ಕೆ ಅವರಿಗೆ ಕೊಡೋ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯೋ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಅದು ಅವರ ದುಡ್ಡಿನಿಂದಲೇ ಹೋಗೋದು, ನಿಮಗೆ ಹೊರೆಯಲ್ಲ. ಮಾರೋರು ಎನ್ಆರ್‌ಐ ಆಗಿದ್ದರೆ ಆ ಶೇ 1 ನಡೆಯಲ್ಲ, ದರ ಬಹಳ ಹೆಚ್ಚು. ಕಮ್ಮಿ ಹಿಡಿದಿದ್ದರೆ ಇಲಾಖೆ ಬಾಕಿ ಕೇಳೋದು ಕೊಂಡವರನ್ನೇ. ಆ ಸಂದರ್ಭದಲ್ಲಿ ಅಡ್ವಾನ್ಸ್ ಕೊಡೋ ಮುಂಚೆಯೇ ಒಬ್ಬ ಆಡಿಟರ್ ಹತ್ತಿರ ಹೋಗಿ ಬನ್ನಿ.